ಕಮಿಟ್‌ಮೆಂಟ್ ಪ್ರಾಬ್ಲಮ್: ಪ್ರೀತಿಗೆ ಅರ್ಥಶಾಸ್ತ್ರ ಕೊಡುವ ಕಾರಣ

ಕೊಟ್ಟ ಮಾತನ್ನು ನಾಳೆ ಮುರಿಯುವುದೇ ಲಾಭ ಅಂತ ಇಬ್ಬರಿಗೂ ಮೊದಲೇ ಗೊತ್ತಿದ್ದರೆ ಆ ಮಾತನ್ನು ಯಾರೂ ನಂಬುವುದಿಲ್ಲ. ನಂಬಿಕೆ ಇಲ್ಲದಿದ್ದರೆ ಇಬ್ಬರಿಗೂ ಒಳ್ಳೆಯದಾಗುವಂಥ ಕೆಲಸವೂ ಶುರುವಾಗುವುದಿಲ್ಲ. ಇದೇ ಕಮಿಟ್‌ಮೆಂಟ್ ಪ್ರಾಬ್ಲಮ್.

ಅಮೆರಿಕದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್ 1960ರಲ್ಲಿ ಇದಕ್ಕೊಂದು ಉದಾಹರಣೆ ಕೊಟ್ಟರು. ಅಪಹರಣ ಮಾಡಿದವನಿಗೆ ಈಗ ಭಯ, ಒತ್ತೆಯಾಳನ್ನು ಬಿಟ್ಟುಬಿಡೋಣ ಅನ್ನಿಸಿದೆ. ಆದರೆ ಬಿಟ್ಟರೆ ಆತ ಪೊಲೀಸರ ಹತ್ತಿರ ಹೋಗುತ್ತಾನಲ್ಲ? 'ಹೋಗಲ್ಲ' ಅಂತ ಒತ್ತೆಯಾಳು ಎಷ್ಟು ಆಣೆ ಇಟ್ಟರೂ ಪ್ರಯೋಜನವಿಲ್ಲ, ಹೊರಗೆ ಬಂದ ಮೇಲೆ ಆ ಆಣೆಗೆ ಕಟ್ಟುಬೀಳಲು ಅವನಿಗೆ ಕಾರಣವೇ ಇರುವುದಿಲ್ಲ. ಮಾತಿಗೆ ಕಟ್ಟಿಹಾಕುವ ಏನಾದರೂ ಬೇಕು, ಉದಾಹರಣೆಗೆ ತನ್ನ ಮಾನ ಹೋಗುವಂಥ ಒಂದು ಗುಟ್ಟನ್ನು ಅಪಹರಣಕಾರನಿಗೆ ಒಪ್ಪಿಸುವುದು. ಶೆಲ್ಲಿಂಗ್‌ಗೆ 2005ರಲ್ಲಿ ನೊಬೆಲ್ ಬಂತು.

ಇದನ್ನು ಪ್ರೀತಿಗೆ ಜೋಡಿಸಿದವರು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞ ರಾಬರ್ಟ್ ಫ್ರಾಂಕ್, 1988ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ. ಅದಕ್ಕೂ ಮೊದಲು, 1973ರಲ್ಲೇ, ಇನ್ನೊಬ್ಬ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ ಮದುವೆಯನ್ನು ಒಂದು ಮಾರುಕಟ್ಟೆಯಾಗಿ ನೋಡಿ ಬರೆದಿದ್ದರು: ಒಂಟಿಯಾಗಿರುವುದಕ್ಕಿಂತ ಜೊತೆಗಿದ್ದರೆ ಜಾಸ್ತಿ ಲಾಭ ಅನ್ನಿಸಿದಾಗ ಜನ ಮದುವೆಯಾಗುತ್ತಾರೆ. ಯಾರು ಯಾರಿಗೆ ಜೋಡಿಯಾಗುತ್ತಾರೆ ಅನ್ನುವುದಕ್ಕೆ ಬೆಕರ್ ಲೆಕ್ಕ ಚೆನ್ನಾಗಿ ಉತ್ತರ ಕೊಡುತ್ತದೆ. ಆದರೆ ಲೆಕ್ಕ ಹಾಕಿಯೇ ಜೋಡಿಯಾಗುವುದಾದರೆ, ನಿದ್ದೆ ಕೆಡಿಸುವ ಈ ಪ್ರೀತಿ ಯಾಕೆ ಬೇಕಿತ್ತು?

ಹುಬ್ಬಳ್ಳಿಯಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಒಬ್ಬಳು, ಬೆಂಗಳೂರಿನ ಹುಡುಗನನ್ನು ಮದುವೆಯಾಗಬೇಕು ಅಂದುಕೊಳ್ಳಿ. ಟ್ರಾನ್ಸ್‌ಫರ್ ಸಿಗುತ್ತಿಲ್ಲ, ರಾಜೀನಾಮೆ ಕೊಡಬೇಕು. ಪ್ರಮೋಷನ್, ಸೀನಿಯಾರಿಟಿ ಎಲ್ಲ ಹೋಯ್ತು. ಉಳಿತಾಯ ಮನೆಯ ಅಡ್ವಾನ್ಸಿಗೆ ಹೋಗುತ್ತದೆ, ಆಮೇಲೆ ಮಗು. ಇವೆಲ್ಲಕ್ಕೂ ಬೆಲೆ ಇರುವುದು ಆ ಸಂಬಂಧ ಇರುವವರೆಗೆ ಮಾತ್ರ, ಅದು ಮುರಿದರೆ ಹೆಚ್ಚಿನದು ವಾಪಸ್ ಬರುವುದಿಲ್ಲ. ಹುಡುಗನಿಗಾದರೋ ಐದು ವರ್ಷದ ನಂತರ, ಓದು, ಸಂಬಳ, ರೂಪ, ಸ್ವಭಾವ ಎಲ್ಲದರಲ್ಲೂ ಇವಳಿಗಿಂತ ಒಂದು ಕೈ ಮೇಲಿರುವವಳು ಸಿಗಬಹುದು. ಪ್ರಪಂಚದಲ್ಲಿರುವ ಎಲ್ಲರನ್ನೂ ನೋಡಿ ಮದುವೆಯಾಗೋಕೆ ಆಗುತ್ತಾ? ಹುಡುಕಾಟವನ್ನು ಎಲ್ಲೋ ಒಂದು ಕಡೆ ನಿಲ್ಲಿಸಲೇಬೇಕು, ಹಾಗಾಗಿ ಇನ್ನೂ ಚೆನ್ನಾಗಿರುವವರು ಆಮೇಲೆ ಎದುರಾಗುವ ಸಾಧ್ಯತೆ ಯಾವಾಗಲೂ ಇದ್ದೇ ಇರುತ್ತದೆ. ಬರೀ ಲೆಕ್ಕದವನಾದರೆ ಅವನು ಹೊರಟುಹೋಗುತ್ತಾನೆ. ಇದು ಅವಳಿಗೂ ಗೊತ್ತು. ಗೊತ್ತಿದ್ದೂ ರಾಜೀನಾಮೆ ಯಾಕೆ ಕೊಡುತ್ತಾಳೆ, ಅಲ್ವಾ?

ಈ ಗಂಟನ್ನು ಬಿಡಿಸುವುದು ಪ್ರೀತಿ ಅನ್ನುತ್ತಾರೆ ಫ್ರಾಂಕ್. ಅದು ನಾವು ತೀರ್ಮಾನ ಮಾಡಿ ಶುರು ಮಾಡುವಂಥದ್ದಲ್ಲ, ಹಾಗಾಗಿ ತೀರ್ಮಾನ ಮಾಡಿ ಸುಮ್ನೆ ನಿಲ್ಲಿಸೋಕೂ ಆಗಲ್ಲ. ಸಂಬಳ ನೋಡಿ ಇಷ್ಟಪಟ್ಟವನು ಜಾಸ್ತಿ ಸಂಬಳ ಕಂಡ ಕಡೆ ಹೊರಳಬಹುದು. 'ಯಾಕೋ ಗೊತ್ತಿಲ್ಲ, ನೀನೇ ಬೇಕು' ಅನ್ನುವವನಿಗೆ ಇನ್ನೊಬ್ಬಳ ಸಂಬಳ ಎಷ್ಟಿದ್ದರೇನು? ಕಾರಣ ಹೇಳಲಾಗದಿರುವುದೇ ಇಲ್ಲಿ ಭರವಸೆ. ಅದನ್ನು ನಟಿಸುವುದೂ ಕಷ್ಟ. ಮುಖ ಕೆಂಪಾಗುವುದು, ಮಾತು ತಡವರಿಸುವುದು ನಮ್ಮ ಹಿಡಿತದಲ್ಲಿಲ್ಲ, ಎದುರಿಗಿರುವವರು ಅದನ್ನು ಗಮನಿಸಿಯೇ ನಂಬುತ್ತಾರೆ.

ಅರ್ಥಶಾಸ್ತ್ರ ಓದಿದವರು ಪ್ರೀತಿಯನ್ನೂ ತಕ್ಕಡಿಗೆ ಹಾಕುತ್ತಾರೆ ಅಂತ ಬಹಳ ಜನ ದೂರುತ್ತಾರೆ. ಫ್ರಾಂಕ್ ವಾದ ನನಗೆ ಇಷ್ಟವಾಗುವುದು ಇಲ್ಲಿಯೇ. ಬರೀ ತಕ್ಕಡಿ ಹಿಡಿದವರಿಂದ ಸಂಸಾರ ಕಟ್ಟೋಕಾಗಲ್ಲ ಅಂತ ಅವರು ಅರ್ಥಶಾಸ್ತ್ರದ ಒಳಗಿನಿಂದಲೇ ತೋರಿಸುತ್ತಾರೆ. ಹಾಗಂತ ಯಾರೂ ಈ ಸಮಸ್ಯೆ ಬಿಡಿಸೋಣ ಅಂತ ಪ್ರೀತಿಸುವುದಿಲ್ಲ. ಪ್ರೀತಿಯಿಂದ ಏನು ಉಪಯೋಗ ಅನ್ನುವುದಕ್ಕಷ್ಟೇ ಇದು ಉತ್ತರ. ಇಂಥವರ ಮೇಲೆಯೇ ಯಾಕೆ ಮನಸ್ಸಾಯಿತು ಅನ್ನುವುದು ಬೇರೆ ಪ್ರಶ್ನೆ.

ಪ್ರೀತಿಯೂ ಕಡಿಮೆಯಾಗುತ್ತದಲ್ಲ, ಆಗ? ಅದಕ್ಕೇ ಕಾನೂನಿನ ಕಟ್ಟು ಬೇರೆ ಇರುವುದು. 1955ರ ಹಿಂದೂ ವಿವಾಹ ಕಾಯ್ದೆಯ 14ನೇ ಸೆಕ್ಷನ್ ಪ್ರಕಾರ, ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ಸಾಮಾನ್ಯವಾಗಿ ವಿಚ್ಛೇದನದ ಅರ್ಜಿ ಹಾಕುವಂತಿಲ್ಲ. ತೀರಾ ಹಿಂಸೆ ಅನುಭವಿಸುತ್ತಿರುವವರಿಗೆ ಕೋರ್ಟ್ ವಿನಾಯಿತಿ ಕೊಡಬಹುದು. ಜೀವನಾಂಶದ ಹಿಂದೆಯೂ ಇದೇ ಯೋಚನೆ ಕಾಣುತ್ತದೆ: ಸಂಸಾರ ನಂಬಿ ಕೆಲಸ ಬಿಟ್ಟವಳು ಕಳೆದುಕೊಂಡದ್ದರಲ್ಲಿ ಸ್ವಲ್ಪವಾದರೂ ಅವಳಿಗೆ ಸಿಗಬೇಕು.