ಇಂದಿರಾ ಭಾಷಣಗಳ ಹಿಂದಿನ ಕನ್ನಡಿಗ

1984ರ ಅಕ್ಟೋಬರ್ 30. ಭುವನೇಶ್ವರದ ಸಭೆಯಲ್ಲಿ ಇಂದಿರಾ ಗಾಂಧಿ ಬರೆದು ತಂದಿದ್ದ ಭಾಷಣವನ್ನು ಬದಿಗಿಟ್ಟು ಮಾತಾಡತೊಡಗಿದರು. ತಾನು ಸತ್ತರೂ ತನ್ನ ರಕ್ತದ ಒಂದೊಂದು ಹನಿಯೂ ದೇಶಕ್ಕೆ ಬಲ ತುಂಬುತ್ತದೆ ಎಂದರು. ಮರುದಿನ ಬೆಳಿಗ್ಗೆ ಅವರ ಹತ್ಯೆಯಾಯಿತು. ಅಂದು ಬದಿಗೆ ಸರಿದ ಬರಹವನ್ನು ಸಿದ್ಧಪಡಿಸಿದ್ದವರು ಎಚ್.ವೈ. ಶಾರದಾಪ್ರಸಾದ್. ಒಂದೂವರೆ ದಶಕ ಆಕೆಗಾಗಿ ಬರೆದರು. ಜನ ಇಂದಿಗೂ ನೆನೆಯುವುದು ಅವರು ಬರೆಯದ ಮಾತನ್ನು.

ನೆಹರೂಗೆ ಇಂಥ ನೆರವು ಅಷ್ಟಾಗಿ ಬೇಕಿರಲಿಲ್ಲ. 1947ರ ಮಧ್ಯರಾತ್ರಿಯ ಭಾಷಣ ಅವರದೇ ಬರಹ. ಮಗಳ ಸ್ಥಿತಿ ಬೇರೆ. 1966ರಲ್ಲಿ ಪ್ರಧಾನಿಯಾದಾಗ ಸಂಸತ್ತಿನಲ್ಲಿ ಇಂದಿರಾ ತಡವರಿಸುತ್ತಿದ್ದರು, ಲೋಹಿಯಾ 'ಗೂಂಗೀ ಗುಡಿಯಾ', ಅಂದರೆ ಮೂಕ ಗೊಂಬೆ, ಎಂದು ಹಂಗಿಸಿದ್ದರು. ಪತ್ರಕರ್ತ ಬಿ.ಜಿ. ವರ್ಗೀಸ್ ಮಾಹಿತಿ ಸಲಹೆಗಾರರಾಗಿ ಬಂದರು. ಅದೇ ವರ್ಷ ಶಾರದಾಪ್ರಸಾದ್ ಕೂಡ ಪ್ರಧಾನಿಯವರ ಸಚಿವಾಲಯ ಸೇರಿದರು. 1969ರಲ್ಲಿ ವರ್ಗೀಸ್ ಪತ್ರಿಕೋದ್ಯಮಕ್ಕೆ ಮರಳಿದ ಮೇಲೆ ಹೊಣೆ ಇವರ ಹೆಗಲಿಗೆ ಬಂತು.

ಆ ಹೊತ್ತಿಗೆ ಅವರ ಬರವಣಿಗೆ ಚೆನ್ನಾಗಿ ಪಳಗಿತ್ತು. ಶಾರದಾಪ್ರಸಾದ್ ಹುಟ್ಟಿದ್ದು 1924ರಲ್ಲಿ, ಬೆಂಗಳೂರಿನಲ್ಲಿ. ಅವರ ತಂದೆ ಹೊಳೆನರಸೀಪುರದ ಯೋಗಾನರಸಿಂಹ, ಸಂಸ್ಕೃತ ವಿದ್ವಾಂಸರು, ವಾಗ್ಗೇಯಕಾರರು. ಮಗ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದುತ್ತಿದ್ದಾಗ ಕ್ವಿಟ್ ಇಂಡಿಯಾ ಚಳವಳಿಗೆ ಇಳಿದು ಜೈಲು ಕಂಡರು. ಆಮೇಲೆ ಮುಂಬೈಯಲ್ಲಿ ಪತ್ರಿಕಾ ವೃತ್ತಿ, ಹಾರ್ವರ್ಡ್‌ನಲ್ಲಿ ಪತ್ರಕರ್ತರಿಗೆ ಸಿಗುವ ನೀಮನ್ ಫೆಲೋಶಿಪ್, 'ಯೋಜನಾ' ಪತ್ರಿಕೆಯ ಸಂಪಾದಕತ್ವ. ಸಂಗೀತದ ಮನೆಯಲ್ಲಿ ಬೆಳೆದವರಿಗೆ ಇನ್ನೊಬ್ಬರ ಕಂಠಕ್ಕೆ ಒಗ್ಗುವ ಶ್ರುತಿ ಹಿಡಿಯುವುದು ಸುಲಭವಾಗಿದ್ದಿರಬೇಕು ಎಂಬುದು ನನ್ನ ಊಹೆ. ಭಾಷಣಕಾರರ ಬಾಯಲ್ಲಿ ಕಡತದ ಭಾಷೆ ಉಳಿದುಬಿಟ್ಟರೆ ಬರೆದವನು ಸೋತಂತೆಯೇ.

ಈ ವೃತ್ತಿಯ ಅತಿ ಕಷ್ಟದ ಪ್ರಶ್ನೆ 1975ರ ಜೂನ್‌ನಲ್ಲಿ ಎದುರಾಯಿತು. ತುರ್ತು ಪರಿಸ್ಥಿತಿ ಹೇರಿಕೆಯಾಗಿ ಸಾವಿರಾರು ಜನ ಸೆರೆಮನೆ ಸೇರಿದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಬಿತ್ತು. ಒಂದು ಕಾಲಕ್ಕೆ ಸ್ವತಃ ಸೆರೆವಾಸ ಅನುಭವಿಸಿದ ಪತ್ರಕರ್ತ ಅದೇ ಪ್ರಧಾನಿಯ ಕಚೇರಿಯಲ್ಲಿ ಕೆಲಸ ಮುಂದುವರಿಸಿದರು. ಅವರ ಸಜ್ಜನಿಕೆಯನ್ನು ಎಷ್ಟು ಗೌರವಿಸಿದರೂ ಇದನ್ನು ನಾನು ದಾಟಿಹೋಗಲಾರೆ. ಮಾತು ಹೊಸೆದು ಕೊಟ್ಟವರಿಗೆ ಆ ಮಾತಿನ ಹಿಂದಿನ ಅಧಿಕಾರದಲ್ಲೂ ಪಾಲಿದೆ.

1977ರ ಸೋಲಿನ ನಂತರ ಕೆಲಕಾಲ ಭಾರತೀಯ ಸಮೂಹ ಸಂವಹನ ಸಂಸ್ಥೆಯ ನಿರ್ದೇಶಕರಾಗಿದ್ದು, 1980ರಲ್ಲಿ ಇಂದಿರಾ ಗೆದ್ದಾಗ ಮರಳಿದರು. ರಾಜೀವ್ ಗಾಂಧಿ ಅವರೊಂದಿಗೂ ಕೆಲವು ವರ್ಷ ಇದ್ದರು. ರಾಜೀವ್ ಕಾಲದಲ್ಲಿ ಮಣಿಶಂಕರ್ ಅಯ್ಯರ್ ಭಾಷಣ ಬರೆದರು. ವಾಜಪೇಯಿಯವರಿಗೆ ಬರೆದ ಸುಧೀಂದ್ರ ಕುಲಕರ್ಣಿ ಅಥಣಿಯವರು, ಹೀಗೆ ಇನ್ನೊಬ್ಬ ಕನ್ನಡಿಗ.

ನಿವೃತ್ತಿಯ ನಂತರ ದಿಲ್ಲಿಯಲ್ಲಿದ್ದವರು ಬಾಯಿ ಬಿಟ್ಟರೆ ಸಾಕು, ಪ್ರಕಾಶಕರು ಸಾಲುಗಟ್ಟುತ್ತಿದ್ದರು. ಶಾರದಾಪ್ರಸಾದ್ ಕಾರಂತರ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದರು, ತಮ್ಮದನ್ನು ಬರೆಯಲಿಲ್ಲ. 2003ರ ಪ್ರಬಂಧ ಸಂಕಲನದ ಹೆಸರಿನಲ್ಲೇ ಆ ಪುಸ್ತಕ ಬರೆಯುವುದಿಲ್ಲ ಎಂದು ಸಾರಿದರು. ಯಜಮಾನರ ಗುಟ್ಟು ಕಾಯುವ ನಿಷ್ಠೆ ಅದು, ಒಪ್ಪುತ್ತೇನೆ. ಆದರೆ 1975ರ ಆ ದಿನಗಳನ್ನು ಅಷ್ಟು ಹತ್ತಿರದಿಂದ ಕಂಡ ಕಣ್ಣು 2008ರ ಸೆಪ್ಟೆಂಬರ್ 2ರಂದು ಮುಚ್ಚಿದಾಗ, ಓದುಗರಾದ ನಮಗೆ ಸಿಗಬೇಕಿದ್ದ ಒಂದು ಸಾಕ್ಷ್ಯ ಸಿಗದೇ ಹೋಯಿತು.