ನೆಟ್‌ವರ್ಕ್ ಡಿಸ್ಕವರಿ: ಪಟ್ಟಿಯಲ್ಲಿ ಕಾಣದ ಕಂಪ್ಯೂಟರ್ ಎಲ್ಲಿ ಹೋಯಿತು?

ತಂಗಿಗೆ ಮರುದಿನ ಪರೀಕ್ಷೆ. ರಾತ್ರಿ ಒಂಬತ್ತಕ್ಕೆ ಹಾಲ್ ಟಿಕೆಟ್ ಪ್ರಿಂಟ್ ತೆಗೆಯಲು ಕೂತಳು. ಪ್ರಿಂಟರ್ ಕೆಳಗೆ ಹಾಲ್‌ನಲ್ಲಿದೆ, ಅಪ್ಪನ ಕಂಪ್ಯೂಟರಿಗೆ ಯುಎಸ್‌ಬಿ ಕೇಬಲ್ಲಿನಲ್ಲಿ ಸಿಕ್ಕಿಸಿದ್ದು. ಇವಳ ಲ್ಯಾಪ್‌ಟಾಪ್ ಮಹಡಿ ಮೇಲೆ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ 'ನೆಟ್‌ವರ್ಕ್' ತೆರೆದರೆ ಖಾಲಿ. "ಅಣ್ಣಾ, ಅಪ್ಪನ ಕಂಪ್ಯೂಟರೇ ತೋರಿಸ್ತಿಲ್ಲ. ಶೇರಿಂಗ್ ಕೆಟ್ಟುಹೋಗಿದೆ" ಅಂದಳು.

ನಾನು ಮೇಲಿನ ಅಡ್ರೆಸ್ ಬಾರ್‌ನಲ್ಲಿ \\192.168.1.7 ಅಂತ ಅಪ್ಪನ ಕಂಪ್ಯೂಟರಿನ ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಅದರ ಮನೆ ನಂಬರ್ ಇದ್ದ ಹಾಗೆ) ಟೈಪ್ ಮಾಡಿ ಎಂಟರ್ ಒತ್ತಿದೆ. ಯೂಸರ್ ನೇಮ್, ಪಾಸ್‌ವರ್ಡ್ ಕೊಡಿ ಅಂತ ಒಂದು ಚೌಕ ಬಂತು. ಅಂದರೆ ಅಪ್ಪನ ಕಂಪ್ಯೂಟರ್ ಸಿಕ್ಕಿತು! ಶೇರಿಂಗ್ ಕೆಟ್ಟಿರಲೇ ಇಲ್ಲ. ಕೆಲಸ ಮಾಡದೆ ಇದ್ದದ್ದು ನೆಟ್‌ವರ್ಕ್ ಡಿಸ್ಕವರಿ.

ಈ ಎರಡನ್ನೂ ಒಂದೇ ಅಂದುಕೊಂಡು ಜನ ಗಂಟೆಗಟ್ಟಲೆ ಒದ್ದಾಡುವುದನ್ನು ತುಂಬಾ ನೋಡಿದ್ದೇನೆ. ಅದಕ್ಕೇ ಈ ಪದವನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನ್ನಿಸಿತು.

ಡಿಸ್ಕವರಿ ಅಂದರೆ ಹಾಜರಿ ಕೂಗುವುದು. ಮೇಷ್ಟ್ರು ಹೆಸರು ಕರೆಯುತ್ತಾರೆ, ಹುಡುಗರು "ಎಸ್ ಸಾರ್" ಅನ್ನುತ್ತಾರೆ. ಒಬ್ಬ ಹುಡುಗ ಹಿಂದಿನ ಬೆಂಚಿನಲ್ಲಿ ಕೂತೇ ಇದ್ದಾನೆ, ಆದರೆ ಬಾಯಿ ಬಿಡಲಿಲ್ಲ. ಪುಸ್ತಕದಲ್ಲಿ ಆಬ್ಸೆಂಟ್. ನೇರವಾಗಿ ಅವನ ಬೆಂಚಿಗೆ ಹೋದರೆ ಮಾತಾಡಿಸಬಹುದು, ಅಲ್ವಾ? ಐಪಿ ಅಡ್ರೆಸ್ ಟೈಪ್ ಮಾಡುವುದು ಹಾಗೆ ಬೆಂಚಿಗೇ ಹೋದ ಹಾಗೆ.

ಒಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ. ಈಗಿನ ವಿಂಡೋಸ್‌ನಲ್ಲಿ ಈ ಹಾಜರಿಗೆ ಡಬ್ಲ್ಯುಎಸ್-ಡಿಸ್ಕವರಿ ಅನ್ನುವ ಪದ್ಧತಿ ಇದೆ. ಮನೆಯ ನೆಟ್‌ವರ್ಕಿನಲ್ಲಿ ಎಲ್ಲರಿಗೂ ಕೇಳುವ ಹಾಗೆ 239.255.255.250 ಅನ್ನುವ ವಿಳಾಸಕ್ಕೆ, 3702ನೇ ಪೋರ್ಟ್ ಅನ್ನುವ ಬಾಗಿಲಿನಲ್ಲಿ ಕೂಗು ಹೋಗುತ್ತದೆ. ಉತ್ತರ ಕೊಟ್ಟವರ ಹೆಸರು ಪಟ್ಟಿಗೆ ಸೇರುತ್ತದೆ. ಫೈಲ್ ತೆರೆಯುವುದು, ಪ್ರಿಂಟ್ ಕಳಿಸುವುದು ಮಾತ್ರ ಎಸ್‌ಎಂಬಿ ಅನ್ನುವ ಬೇರೆಯೇ ಭಾಷೆಯಲ್ಲಿ, 445ನೇ ಪೋರ್ಟಿನಲ್ಲಿ. ಎಸ್‌ಎಂಬಿ ಹುಟ್ಟಿದ್ದು 1980ರ ದಶಕದಲ್ಲಿ, ಐಬಿಎಂನಲ್ಲಿ. ಎರಡೂ ಬೇರೆ ಬೇರೆ ಬಾಗಿಲು. ಒಂದು ಮುಚ್ಚಿದ್ದರೂ ಇನ್ನೊಂದು ತೆರೆದಿರಬಹುದು.

ಹಳೆಯ ವಿಂಡೋಸ್‌ನಲ್ಲಿ ಪದ್ಧತಿ ಇನ್ನೂ ಸ್ವಾರಸ್ಯವಾಗಿತ್ತು. ವರ್ಕ್‌ಗ್ರೂಪ್ ಅನ್ನುವ ಒಂದೇ ಗುಂಪಿನ ಕಂಪ್ಯೂಟರುಗಳೇ ತಮ್ಮಲ್ಲಿ ಚುನಾವಣೆ ನಡೆಸಿ ಒಂದನ್ನು ಮಾಸ್ಟರ್ ಬ್ರೌಸರ್ ಮಾಡುತ್ತಿದ್ದವು. ಹಾಜರಿ ಪುಸ್ತಕ ಅದರ ಕೈಯಲ್ಲಿ. ಉಳಿದವು 12 ನಿಮಿಷಕ್ಕೊಮ್ಮೆ "ನಾನಿದ್ದೇನೆ" ಅನ್ನಬೇಕು. ಮೂರು ಸಲ ಸದ್ದಿಲ್ಲ ಅಂದರೆ ಹೆಸರು ಹೊಡೆದುಹಾಕುವುದು. ಆಫ್ ಮಾಡಿದ ಕಂಪ್ಯೂಟರ್ ಅರ್ಧ ಗಂಟೆ ಕಳೆದರೂ ಪಟ್ಟಿಯಲ್ಲಿ ಕಾಣುತ್ತಿದ್ದದ್ದು, ಆನ್ ಇದ್ದದ್ದು ಕಾಣದೆ ಇದ್ದದ್ದು ಇದಕ್ಕೇ. ಆ ಪದ್ಧತಿ ಎಸ್‌ಎಂಬಿಯ ಮೊದಲ ಆವೃತ್ತಿಗೆ ಅಂಟಿಕೊಂಡಿತ್ತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ವೈರಸ್ ಜಗತ್ತಿನ ತುಂಬ ಹರಡಿದ್ದು ಅದೇ ಆವೃತ್ತಿಯ ತೂತಿನಿಂದ. ಆ ವರ್ಷದ ಕೊನೆಯ ಹೊತ್ತಿಗೆ ವಿಂಡೋಸ್ 10ರ ಹೊಸ ಇನ್‌ಸ್ಟಾಲ್‌ಗಳಲ್ಲಿ ಅದರ ಸರ್ವರ್ ಭಾಗವನ್ನು, ಅಂದರೆ ಬೇರೆಯವರಿಗೆ ಹಂಚುವ ಭಾಗವನ್ನು, ಹಾಕುವುದನ್ನೇ ನಿಲ್ಲಿಸಿದರು. ಪಟ್ಟಿ ಖಾಲಿ ಅಂತ ಆ ಹಳೆಯ ಆವೃತ್ತಿಯನ್ನು ಮತ್ತೆ ಆನ್ ಮಾಡಿ ಅನ್ನುವವರು ಇದ್ದಾರೆ. ದಯವಿಟ್ಟು ಮಾಡಬೇಡಿ. ಒಂದು ಪಟ್ಟಿ ಕಾಣಲಿ ಅಂತ ಮನೆಯ ಹಿತ್ತಲ ಬಾಗಿಲು ತೆಗೆದಿಟ್ಟ ಹಾಗಾಗುತ್ತದೆ.

ಸರಿ, ತಂಗಿಯ ಲ್ಯಾಪ್‌ಟಾಪಿನಲ್ಲಿ ಹಾಜರಿ ಯಾಕೆ ನಿಂತಿತ್ತು? ಹಿಂದಿನ ವಾರ ರೌಟರ್ ಬದಲಾಯಿಸಿದ್ದೆವು. ರೌಟರ್ ಬದಲಾದರೆ ವಿಂಡೋಸ್‌ಗೆ ಅದು ಹೊಸ ನೆಟ್‌ವರ್ಕ್. ಗುರುತಿಲ್ಲದ ಜಾಗ ಅಂತ ಅದನ್ನು 'ಪಬ್ಲಿಕ್' ಅಂತ ಗುರುತು ಹಾಕಿಕೊಂಡಿತ್ತು. ಪಬ್ಲಿಕ್ ಅಂದರೆ ಬಸ್ ಸ್ಟ್ಯಾಂಡಿನ ವೈಫೈ ಇದ್ದ ಹಾಗೆ. ಅಲ್ಲಿ ಕೂಗುವುದೂ ಇಲ್ಲ, ಕೂಗಿದರೆ ಓಗೊಡುವುದೂ ಇಲ್ಲ. ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್‌ಗೆ ಹೋಗಿ 'ಪ್ರೈವೇಟ್' ಮಾಡಿದೆ. ಅಪ್ಪನದನ್ನು ರೌಟರ್ ಹಾಕಿದ ದಿನವೇ ಪ್ರೈವೇಟ್ ಮಾಡಿದ್ದೆ. ಅದೂ ಪಬ್ಲಿಕ್ ಆಗಿದ್ದಿದ್ದರೆ ಐಪಿ ಅಡ್ರೆಸ್ ಹೊಡೆದರೂ ಸಾಮಾನ್ಯವಾಗಿ ಫೈರ್‌ವಾಲ್ ಅನ್ನುವ ವಿಂಡೋಸ್‌ನ ಕಾವಲುಗಾರ ಒಳಗೆ ಬಿಡುತ್ತಿರಲಿಲ್ಲ.

ಎರಡೂ ಕಡೆ ಪ್ರೈವೇಟ್ ಇದ್ದೂ ಹೆಸರು ಕಾಣದಿದ್ದರೆ, ಶೇರ್ ಮಾಡುವ ಕಂಪ್ಯೂಟರಿನ ಸರ್ವಿಸಸ್ ಪಟ್ಟಿಯಲ್ಲಿ 'ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಷನ್' ಓಡುತ್ತಿದೆಯಾ ನೋಡಿ. "ಎಸ್ ಸಾರ್" ಅನ್ನುವ ಬಾಯಿ ಅದೇ. ಲಿನಕ್ಸ್ ಕಂಪ್ಯೂಟರುಗಳ ಕಥೆ ಸ್ವಲ್ಪ ಬೇರೆ. ಅಲ್ಲಿ ಫೈಲ್ ಹಂಚುವ ಸಾಂಬಾಗೆ ಡಬ್ಲ್ಯುಎಸ್-ಡಿಸ್ಕವರಿ ತಾನಾಗಿ ಬರುವುದಿಲ್ಲ, ಅದಕ್ಕೆ ಇನ್ನೊಂದು ಸಣ್ಣ ಪ್ರೋಗ್ರಾಂ ಜೊತೆಗಿರಬೇಕು. ಹಾಗಾಗಿ ಅವು ಪಟ್ಟಿಗೆ ಬಾರದೆ ಇದ್ದರೂ ಅಡ್ರೆಸ್ ಕೊಟ್ಟರೆ ತೆರೆಯುತ್ತವೆ.

ಅಡ್ರೆಸ್‌ಗೂ ಸಿಗಲಿಲ್ಲ ಅಂದರೆ ಎರಡೂ ಕಂಪ್ಯೂಟರಿನ ಐಪಿ ಅಡ್ರೆಸ್ ಪಕ್ಕಪಕ್ಕ ಬರೆದುಕೊಳ್ಳಿ. ಒಂದು 192.168.1.7, ಇನ್ನೊಂದು 192.168.0.12 ಅಂತಿದೆಯಾ? ಹಾಗಿದ್ದರೆ ಮನೆಯಲ್ಲಿ ಎರಡು ರೌಟರ್ ಇರಬೇಕು. ಫೈಬರ್ ಕನೆಕ್ಷನ್ ಜೊತೆ ಬಂದದ್ದು ಒಂದು, ನೀವು ಆಮೇಲೆ ತಂದದ್ದು ಒಂದು. ಕೂಗು ಒಂದರಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಎರಡನ್ನೂ ಒಂದೇ ವೈಫೈಗೆ ಸೇರಿಸಿ. ಯಾವುದಾದರೂ ಒಂದು 'ಗೆಸ್ಟ್' ವೈಫೈನಲ್ಲಿ ಇದ್ದರೂ ಇದೇ ಪಾಡು. ಅತಿಥಿಗಳು ಮನೆಯ ಕಂಪ್ಯೂಟರ್ ಮುಟ್ಟಬಾರದು ಅಂತಲೇ ಅದನ್ನು ಬೇರೆ ಇಟ್ಟಿರುತ್ತಾರೆ.

ವೈಫೈ ಪ್ರಿಂಟರ್ 'ಆಫ್‌ಲೈನ್' ಅಂತ ತೋರಿಸುವ ರಗಳೆಯೂ ಎಷ್ಟೋ ಸಲ ಡಿಸ್ಕವರಿಯದೇ. ಪ್ರಿಂಟರಿನಲ್ಲಿ ಹಸಿರು ದೀಪ ಉರಿಯುತ್ತಿರುತ್ತದೆ, ಪೇಪರ್ ಇರುತ್ತದೆ, ವಿಂಡೋಸ್ ಮಾತ್ರ ಇಲ್ಲ ಅನ್ನುತ್ತದೆ. ಪ್ರಿಂಟರ್ ಪ್ರಾಪರ್ಟೀಸ್‌ನ 'ಪೋರ್ಟ್ಸ್' ನೋಡಿ. ಡಬ್ಲ್ಯುಎಸ್‌ಡಿ ಅಂತಿದ್ದರೆ ಅದು ಹಾಜರಿ ನಂಬಿಕೊಂಡಿದೆ. ಅಲ್ಲಿ 'ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್' ಸೇರಿಸಿ ಪ್ರಿಂಟರಿನ ಐಪಿ ಅಡ್ರೆಸ್ ಕೊಡಿ. ಜೊತೆಗೆ ರೌಟರಿನಲ್ಲಿ ಆ ಅಡ್ರೆಸ್ ಪ್ರಿಂಟರಿಗೇ ಮೀಸಲಿಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಅಡ್ರೆಸ್ ಬದಲಾಗಿ ಮತ್ತೆ ಅದೇ ಗೋಳು.

ಇನ್ನು ಆ ಪಾಸ್‌ವರ್ಡ್ ಚೌಕ. ತಂಗಿ ಅಪ್ಪನ ನಾಲ್ಕಂಕಿಯ ಪಿನ್ ಹಾಕಿದಳು, ತಪ್ಪು ಅಂತು. ಮತ್ತೆ ಹಾಕಿದಳು, ಮತ್ತೆ ತಪ್ಪು. ಪಿನ್ ಆ ಒಂದು ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ. ನೆಟ್‌ವರ್ಕಿನಿಂದ ಬಂದವರಿಗೆ ಅಕೌಂಟಿನ ನಿಜವಾದ ಪಾಸ್‌ವರ್ಡೇ ಬೇಕು. ಮೈಕ್ರೋಸಾಫ್ಟ್ ಅಕೌಂಟ್ ಆದರೆ ಯೂಸರ್ ನೇಮ್ ಜಾಗದಲ್ಲಿ ಇಮೇಲ್ ಹಾಕಬೇಕು. ಅಪ್ಪ ಮಲಗಿಬಿಟ್ಟಿದ್ದರು, ಎಬ್ಬಿಸಿದೆವು. "ಡೈರಿಯ ಕೊನೇ ಪುಟದಲ್ಲಿ ಬರೆದಿದ್ದೀನಿ ನೋಡ್ರೋ" ಅಂದರು. ಇತ್ತು. ಹಾಕಿದ ಕೂಡಲೇ ಫೋಲ್ಡರುಗಳ ಜೊತೆ ಪ್ರಿಂಟರಿನ ಹೆಸರೂ ಬಂತು. ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಡ್ರೈವರ್ ಹಾಕಲು ಅನುಮತಿ ಕೊಟ್ಟು, ಹಾಲ್ ಟಿಕೆಟ್ ಪ್ರಿಂಟ್ ಕೊಟ್ಟದ್ದೇ, ಕೆಳಗೆ ಹಾಲ್‌ನಲ್ಲಿ ಪ್ರಿಂಟರ್ ಗರಗರ ಅಂತ ಪೇಪರ್ ಎಳೆದುಕೊಳ್ಳುವ ಸದ್ದು ಮಹಡಿವರೆಗೂ ಕೇಳಿಸಿತು.