ಗೋಡೆಯ ಮೇಲಿಲ್ಲದ ಚುಕ್ಕೆಗಳು

ದೀಪ ಮಂದವಾಗಿರುವ ಕೋಣೆಯಲ್ಲಿ ಮಲಗಿದ ಬೆಕ್ಕಿನ ಫೋಟೊ ತೆಗೆದು, ಪರದೆಯ ಮೇಲೆ ಹಿಗ್ಗಿಸಿ ನೋಡಿ. ಬೆಕ್ಕಿನ ಮುಖ ಪರವಾಗಿಲ್ಲ ಎನಿಸಬಹುದು. ಹಿಂದಿನ ಗೋಡೆಯ ನೆರಳಿನಲ್ಲಿ ಮಾತ್ರ ಕೆಂಪು, ಹಸಿರು, ನೀಲಿ ಚುಕ್ಕೆಗಳು ರಂಗೋಲಿ ಪುಡಿ ಚೆಲ್ಲಿದ ಹಾಗೆ ಹರಡಿರುತ್ತವೆ. ಗೋಡೆಗೆ ಬಳಿದಿರುವುದು ಒಂದೇ ಬಣ್ಣ! ಛಾಯಾಗ್ರಾಹಕರು ಇದನ್ನು ನಾಯ್ಸ್ ಎನ್ನುತ್ತಾರೆ. ತಪ್ಪನ್ನೆಲ್ಲ ಕ್ಯಾಮೆರಾದ ಐಎಸ್‌ಒ ಎಂಬ ಸೆಟ್ಟಿಂಗ್‌ನ ತಲೆಗೆ ಕಟ್ಟುತ್ತಾರೆ. ಅದು ಬಹುಮಟ್ಟಿಗೆ ಸುಳ್ಳು ಅಪವಾದ.

ಚುಕ್ಕೆಗಳ ಮೂಲ ಬೆಳಕಿನಲ್ಲೇ ಇದೆ. ಬೆಳಕು ಬರುವುದು ಫೋಟಾನ್‌ಗಳೆಂಬ ಬಿಡಿ ಕಣಗಳಾಗಿ, ಅದೂ ಒಂದೇ ಸಮನಲ್ಲದ ಅಂತರದಲ್ಲಿ. ಮಳೆ ಶುರುವಾದಾಗ ಅಂಗಳದ ಕಲ್ಲುಗಳನ್ನು ಗಮನಿಸಿ: ಒಂದರ ಮೇಲೆ ಐದು ಹನಿ, ಪಕ್ಕದ್ದರ ಮೇಲೆ ಎರಡು. ಜೋರಾಗಿ ಸುರಿದ ಮೇಲೆ ಈ ಭೇದ ಯಾರ ಕಣ್ಣಿಗೂ ಬೀಳುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸರಿನ ಪಿಕ್ಸೆಲ್‌ಗಳ ಪಾಡೂ ಇದೇ. ಸರಾಸರಿ 10,000 ಫೋಟಾನ್ ಹಿಡಿಯುವ ಪಿಕ್ಸೆಲ್‌ನಲ್ಲಿ ಏರುಪೇರು ಸುಮಾರು 100, ಅಂದರೆ ಶೇ 1. ಬರೀ 100 ಹಿಡಿಯುವಲ್ಲಿ ಏರುಪೇರು 10, ಅಂದರೆ ಶೇ 10. ವರ್ಗಮೂಲದ ಲೆಕ್ಕ ಇದು. ಎಷ್ಟೇ ದುಬಾರಿ ಕ್ಯಾಮೆರಾ ಕೊಂಡರೂ ಇದರಿಂದ ಬಿಡುಗಡೆಯಿಲ್ಲ. ದೊಡ್ಡ ಸೆನ್ಸರ್, ಅಗಲವಾಗಿ ತೆರೆಯುವ ಲೆನ್ಸ್ ಹೆಚ್ಚು ಬೆಳಕನ್ನು ಬಾಚಿಕೊಳ್ಳುತ್ತವೆ, ಅಷ್ಟೇ.

ಹಾಗಾದರೆ ಐಎಸ್‌ಒ ಮಾಡುವುದೇನು? ಸಿಕ್ಕ ಸಂಕೇತವನ್ನು ವರ್ಧಿಸುತ್ತದೆ. ಅದನ್ನು ಏರಿಸಿದಾಗ ಕ್ಯಾಮೆರಾ ಶಟರ್ ಬೇಗ ಮುಚ್ಚುತ್ತದೆ; ಒಳಬರುವ ಬೆಳಕು ಕಡಿಮೆಯಾಗುತ್ತದೆ, ಚುಕ್ಕೆ ಎದ್ದು ಕಾಣುತ್ತದೆ. ಶಟರ್, ಲೆನ್ಸ್ ಎರಡನ್ನೂ ಹಾಗೆಯೇ ಇಟ್ಟು ಐಎಸ್‌ಒ ಮಾತ್ರ ಏರಿಸಿದರೆ, ಹಲವು ಕ್ಯಾಮೆರಾಗಳಲ್ಲಿ ನೆರಳಿನ ಭಾಗ ಇನ್ನಷ್ಟು ಶುಭ್ರವಾಗಿಯೇ ಬರುತ್ತದೆ. ಪಿಕ್ಸೆಲ್‌ಗಳನ್ನು ಓದುವಾಗ ವಿದ್ಯುನ್ಮಂಡಲವೂ ತನ್ನ ಪಾಲಿನ ಗದ್ದಲ ಸೇರಿಸುತ್ತದೆ. ಮೊದಲೇ ವರ್ಧಿಸಿದ ಸಂಕೇತದ ಮುಂದೆ ಅದರ ಆಟ ನಡೆಯುವುದಿಲ್ಲ.

ನಕ್ಷತ್ರಗಳ ಫೋಟೊಗೆಂದು ಶಟರನ್ನು ನಿಮಿಷಗಟ್ಟಲೆ ತೆರೆದಿಟ್ಟಾಗ ಇನ್ನೊಂದು ಕಾಟ. ಬೆಳಕು ಬೀಳದಿದ್ದರೂ ಶಾಖದಿಂದಲೇ ಸೆನ್ಸರಿನಲ್ಲಿ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ. ಉಷ್ಣತೆ ಆರೇಳು ಡಿಗ್ರಿ ಸೆಲ್ಸಿಯಸ್ ಏರಿದರೆ ಇವು ಹೆಚ್ಚುಕಡಿಮೆ ಇಮ್ಮಡಿಯಾಗುತ್ತವೆ. ಚಿಲಿಯ ರೂಬಿನ್ ವೀಕ್ಷಣಾಲಯದ ಕ್ಯಾಮೆರಾದಲ್ಲಿ ಸೆನ್ಸರ್‌ಗಳನ್ನು ಮೈನಸ್ 100 ಡಿಗ್ರಿಯ ಆಸುಪಾಸಿಗೆ ತಣ್ಣಗಾಗಿಸುವುದು ಇದಕ್ಕೇ. ನಮ್ಮ ಕೈಯಲ್ಲಿರುವ ಕ್ಯಾಮೆರಾದ ಉಪಾಯ ಬೇರೆ. ನಾಲ್ಕು ನಿಮಿಷದ ಚಿತ್ರ ತೆಗೆದ ಬಳಿಕ, ಶಟರ್ ಮುಚ್ಚಿಕೊಂಡು ಇನ್ನೂ ನಾಲ್ಕು ನಿಮಿಷ ಬರೀ ಕತ್ತಲೆಯ ಚಿತ್ರ ತೆಗೆಯುತ್ತದೆ. ಎರಡರಲ್ಲೂ ಒಂದೇ ಜಾಗದಲ್ಲಿ ಮಿನುಗುವ ಹುಸಿ ಚುಕ್ಕೆಗಳನ್ನು ಕಳೆದುಬಿಡುತ್ತದೆ. ಕ್ಯಾಮೆರಾ ಕೆಟ್ಟಿತೆಂದು ಗಾಬರಿಬಿದ್ದು ಅದನ್ನು ಆರಿಸಿದವರಲ್ಲಿ ನಾನೂ ಒಬ್ಬ.

ಮೊಬೈಲಿನ ಸೆನ್ಸರ್ ಉಗುರಿನಷ್ಟು. ಅದಕ್ಕೇ ರಾತ್ರಿ ಅದು ಒಂದರ ಬದಲು ಹಲವು ಚಿತ್ರ ತೆಗೆದು, ಹೊಂದಿಸಿ, ಸರಾಸರಿ ಮಾಡುತ್ತದೆ. 16 ಚಿತ್ರ ಸೇರಿದರೆ ಏರುಪೇರು ಕಾಲುಭಾಗಕ್ಕೆ ಇಳಿಯುತ್ತದೆ. ಉಳಿದ ಚುಕ್ಕೆಗಳನ್ನು ತಂತ್ರಾಂಶ ಅಕ್ಕಪಕ್ಕದ ಪಿಕ್ಸೆಲ್ ನೋಡಿ ನುಣುಪಾಗಿಸುತ್ತದೆ. ಅತಿಯಾದರೆ ಕೂದಲು ಮೇಣದಲ್ಲಿ ಅಚ್ಚೊತ್ತಿದಂತೆ ಕಾಣುತ್ತದೆ. ನನಗಂತೂ ಅದಕ್ಕಿಂತ ಚುಕ್ಕೆಗಳೇ ವಾಸಿ.

ಬೆಕ್ಕಿನ ಫೋಟೊವನ್ನು ಮೊಬೈಲಿನ ರಾತ್ರಿ ವಿಧಾನದಲ್ಲಿ ಮತ್ತೊಮ್ಮೆ ತೆಗೆದು ನೋಡಿ. ಗೋಡೆ ಶುಭ್ರ, ಮೈ ಶುಭ್ರ. ನಡುವೆ ಬೆಕ್ಕು ಕಿವಿ ಕೊಡವಿದ್ದರೆ ಅಲ್ಲಿ ಮಾತ್ರ ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಕಿವಿಯಷ್ಟು ಜಾಗದಲ್ಲಿ ಹಳೆಯ ಚುಕ್ಕೆಗಳು ಹಾಗೆಯೇ ಕೂತಿರುತ್ತವೆ.